ಅನಾಕ್ರಿಯಾನನ ಹೆಸರಿನಲ್ಲಿರುವ ಪದ್ಯಗಳನ್ನು ಕೈಬಿಡಬೇಕೇ?

ಪ್ರಶ್ನೆ (ತೀರ್ಥಹಳ್ಳಿಯ ಓದುಗ):
ನಮ್ಮ ಓದುಗರ ಕೂಟದಲ್ಲಿ ಪ್ರಾಚೀನ ಗ್ರೀಕ್ ಭಾವಗೀತೆಗಳನ್ನು ಓದುತ್ತಿದ್ದೇವೆ. ಕ್ರಿ.ಪೂ. 6ನೇ ಶತಮಾನದ ಅನಾಕ್ರಿಯಾನನವೆಂದು 1554ರಲ್ಲಿ ಆನ್ರಿ ಎಸ್ತಿಯೆನ್ ಪ್ಯಾರಿಸ್‌ನಲ್ಲಿ ಅಚ್ಚು ಹಾಕಿಸಿದ ಪದ್ಯಗಳು ಅವನವಲ್ಲ, ಶತಮಾನಗಳ ಅನಂತರದ ಅನಾಮಿಕರವು ಎಂದು ತಿಳಿದ ಮೇಲೆ ನಮ್ಮಲ್ಲಿ ಎರಡು ಪಕ್ಷಗಳಾಗಿವೆ. ಇವನ್ನು ಖೋಟಾ ಎಂದು ಬದಿಗಿಡುವುದು ಸರಿಯೇ? ಉಡುತಡಿ, ಬಳ್ಳಿಗಾವೆಗಳ ಸೀಮೆಯವರಾದ ನಮಗೆ ಅಂಕಿತದ ಚರ್ಚೆ ಹೊಸದಲ್ಲವಾದರೂ ಬಲ್ಲವರು ತಿಳಿಸಬೇಕು.

ಉತ್ತರ (ಶಿವಮೊಗ್ಗದ ನಿವೃತ್ತ ಅಧ್ಯಾಪಕ):
ಈ ಸುಮಾರು 60 ಪದ್ಯಗಳನ್ನು ಉಳಿಸಿಕೊಟ್ಟ 10ನೇ ಶತಮಾನದ ಹಸ್ತಪ್ರತಿಯ ಮೊದಲ ಪದ್ಯವನ್ನು ದಯವಿಟ್ಟು ನೋಡಿ. ಅನಾಕ್ರಿಯಾನ್ ತನ್ನ ಕನಸಿನಲ್ಲಿ ಬಂದು, ತಲೆಯ ಮೇಲಿದ್ದ ಹೂಮಾಲೆಯನ್ನು ತೆಗೆದುಕೊಟ್ಟನೆಂದೂ, ಅದನ್ನು ಮುಡಿದಂದಿನಿಂದ ತನಗೆ ಪ್ರೇಮದ ಹುಚ್ಚು ಬಿಟ್ಟಿಲ್ಲವೆಂದೂ ಅಲ್ಲಿ ಕವಿ ಹೇಳುತ್ತಾನೆ. ತಾನೇ ಅನಾಕ್ರಿಯಾನ್ ಎಂದು ನಂಬಿಸಹೊರಟವನು ಹೀಗೆ ಬರೆಯುತ್ತಿದ್ದನೇ? ಇದು ಮೋಸವಲ್ಲ, ದೀಕ್ಷೆ. ವಚನಗಳ ಅಂಕಿತಕ್ಕೆ ಇದನ್ನು ಹೋಲಿಸುವುದು ಮಾತ್ರ ಪೂರ್ತಿ ಒಪ್ಪುವುದಿಲ್ಲ. ಅಲ್ಲಮನ ಗುಹೇಶ್ವರ, ಅಕ್ಕನ ಚೆನ್ನಮಲ್ಲಿಕಾರ್ಜುನ ಇವು ಇಷ್ಟದೈವದ ಹೆಸರುಗಳು. ಕವಿಯ ಹೆಸರೇ ಬೇರೆಯವರ ಪದ್ಯಗಳನ್ನೂ ಸೆಳೆದುಕೊಂಡದ್ದಕ್ಕೆ ಸರ್ವಜ್ಞನ ತ್ರಿಪದಿಗಳು ಹತ್ತಿರದ ನಿದರ್ಶನ.

ಉತ್ತರ (ಸಾಗರದಿಂದ):
ಗುರುಗಳ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಅನುಕರಿಸಿದವರು ಮೋಸಗಾರರಲ್ಲದಿರಬಹುದು, ಆದರೆ ನಷ್ಟವಾದದ್ದು ಮೂಲ ಕವಿಗೇ. ಪರ್ಷಿಯನ್ನರ ದಾಳಿಗೆ ಸಿಕ್ಕಿದ ಟಿಯೋಸ್ ಪಟ್ಟಣದ ಈ ಕವಿ ಸಾಮೋಸ್‌ನಲ್ಲಿ ಪಾಲಿಕ್ರಟಿಸನ ಆಶ್ರಯದಲ್ಲಿದ್ದು, ಮುಂದೆ ಅಥೆನ್ಸ್‌ನಲ್ಲಿ ಹಿಪಾರ್ಕಸನ ಬಳಿಗೆ ಹೋದವನು. ಉಳಿದಿರುವ ತುಣುಕುಗಳಲ್ಲಿ ಅವನು ಆರ್ಟೆಮಾನ್ ಎಂಬ ಹೊಸ ಶ್ರೀಮಂತನನ್ನು ನಿರ್ದಾಕ್ಷಿಣ್ಯವಾಗಿ ಲೇವಡಿ ಮಾಡುತ್ತಾನೆ. ತನ್ನನ್ನು ಓರೆಗಣ್ಣಿನಿಂದ ನೋಡಿ ಓಡುವ ಹುಡುಗಿಯನ್ನು ಥ್ರೇಸಿನ ಹೆಣ್ಣುಕುದುರೆಮರಿ ಎಂದು ಕರೆದು, ಲಗಾಮು ಹಾಕಲು ತನಗೆ ಬರುತ್ತದೆಂದು ಕೆಣಕುತ್ತಾನೆ. ಈ ಮೊನಚು ಅನುಕರಣೆಗಳಲ್ಲಿ ಇಲ್ಲ. ಅಲ್ಲಿರುವುದು ಮದ್ಯ, ಗುಲಾಬಿ, ನಗುವ ಮುದುಕ. ಯುರೋಪು ಬಹುಕಾಲ ಮೆಚ್ಚಿದ್ದು ಆ ಮುದುಕನನ್ನೇ. ಅವನ ಹೆಸರಿನ ಲಂಡನ್ ಸಂಘವೊಂದರ ಹಾಡಿನ ಧಾಟಿಯೇ ಇಂದು ಅಮೆರಿಕದ ರಾಷ್ಟ್ರಗೀತೆಯ ಧಾಟಿಯಾಗಿದೆ. (ಅದರಲ್ಲಿ ಅವನದೊಂದು ಸಾಲೂ ಇಲ್ಲ!)

ಉತ್ತರ (ಶಿವಮೊಗ್ಗದ ನಿವೃತ್ತ ಅಧ್ಯಾಪಕ):
ನಷ್ಟವಾದದ್ದು ನಿಜ. ಆದರೂ ಮರದ ತುದಿಯಲ್ಲಿ ಚೂರು ಇಬ್ಬನಿ ಕುಡಿದು ಅರಸನಂತೆ ಹಾಡುವ ಜೀರುಂಡೆಯ ಪದ್ಯ ಈ ಅನಾಮಿಕರದೇ. ಗಯಟೆ ಅದನ್ನು ಜರ್ಮನ್‌ಗೆ ತಂದ. ಕೂಟದಲ್ಲಿ ಮೊದಲು ತುಣುಕುಗಳನ್ನು ಓದಿ, ಅನಂತರ ಇವನ್ನು ಬೇರೆ ಕವಿಗಳ ಕೃತಿಯೆಂದೇ ಹೇಳಿ ಓದಿ.