ಶಿಕ್ಷೆ ಮುಗಿದಿದೆ, ಗಡೀಪಾರು ಆಗಿಲ್ಲ: ವಿದೇಶಿಯರ ಬಂಧನ ಕೇಂದ್ರದಲ್ಲಿ ಇರುವವರಿಗೆ ದಾರಿ ಏನು?

ಪ್ಯಾರಾಲೀಗಲ್_ಹೊಸಬ:
ವೀಸಾ ಇಲ್ಲದೆ ಸಿಕ್ಕಿಬಿದ್ದವರು ಶಿಕ್ಷೆ ಮುಗಿಸಿದ ದಿನವೇ ಜೈಲಿನಿಂದ ನೇರ ಬಂಧನ ಕೇಂದ್ರಕ್ಕೆ ಹೋಗುತ್ತಾರೆ. ನಮ್ಮಲ್ಲಿ ನೆಲಮಂಗಲ ತಾಲ್ಲೂಕಿನ ಸೊಂಡೆಕೊಪ್ಪದಲ್ಲಿ ಸಮಾಜ ಕಲ್ಯಾಣ ಇಲಾಖೆಯ ಹಳೆಯ ಹಾಸ್ಟೆಲನ್ನೇ ಇದಕ್ಕೆ ಮಾಡಿಕೊಂಡಿದ್ದಾರೆ. ಅಲ್ಲಿ ಎಷ್ಟು ದಿನ ಇಡಬಹುದು, ಮಿತಿ ಇದೆಯಾ? ಭಾರತೀಯರಲ್ಲದವರಿಗೆ ಉಚಿತ ವಕೀಲರು ಸಿಗುತ್ತಾರಾ? ಊಟ, ಔಷಧ, ಮಕ್ಕಳ ವಿಚಾರಕ್ಕೆ ಯಾವ ನಿಯಮ ಹಿಡಿದು ಕೇಳಬೇಕು? ಗೊತ್ತಿದ್ದವರು ತಿಳಿಸಿ.

ವಕಾಲತ್ತು:
ಮೊದಲು ಐದು ದಿನಾಂಕ ಬರೆದುಕೊಳ್ಳಿ: ಬಂಧಿಸಿದ್ದು, ತೀರ್ಪು ಬಂದಿದ್ದು, ಶಿಕ್ಷೆ ಮುಗಿದಿದ್ದು, ಕೇಂದ್ರಕ್ಕೆ ತಂದಿದ್ದು, ರಾಷ್ಟ್ರೀಯತೆ ಪರಿಶೀಲನೆಗೆ ಪತ್ರ ಹೋಗಿದ್ದು. ಕೊನೆಯದು ಬಹಳ ಸಲ ಖಾಲಿ ಇರುತ್ತದೆ. ನಿಮ್ಮ ಅರ್ಜಿ ನಿಲ್ಲುವುದು ಆ ಖಾಲಿ ಜಾಗದ ಮೇಲೆಯೇ. ಶಿಕ್ಷೆ ಮುಗಿದ ಮೇಲಿನ ಬಂಧನಕ್ಕೆ ಇರುವ ಕಾರಣ ಒಂದೇ, ವಾಪಸ್ ಕಳಿಸುವುದು. ಕಳಿಸುವ ಕೆಲಸವೇ ಶುರುವಾಗದಿದ್ದರೆ ಯಾಕೆ ಹಿಡಿದಿಟ್ಟಿದ್ದೀರಿ ಎಂಬ ಪ್ರಶ್ನೆಗೆ ಸರ್ಕಾರದ ಬಳಿ ಉತ್ತರವಿರುವುದಿಲ್ಲ. ಸಂವಿಧಾನದ 21ನೇ ವಿಧಿ ಹೇಳುವುದು 'ಯಾವುದೇ ವ್ಯಕ್ತಿ' ಎಂದು, 'ನಾಗರಿಕ' ಎಂದಲ್ಲ.

1946ರ ವಿದೇಶಿಯರ ಕಾಯ್ದೆಯ 3(2)(ಜಿ) ಬಂಧಿಸುವ ಅಧಿಕಾರ ಕೊಟ್ಟಿತು, ಎಷ್ಟು ದಿನ ಎಂದು ಹೇಳಲಿಲ್ಲ. 2025ರ ಸೆಪ್ಟೆಂಬರ್ 1ರಿಂದ ಅದರ ಜಾಗಕ್ಕೆ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. ಬಂಧನ ಆದೇಶ ಯಾವ ಕಾಯ್ದೆಯಡಿ ಹೊರಟಿದೆ ನೋಡಿ ಸೆಕ್ಷನ್ ಹಾಕಿ. ಎರಡನ್ನೂ ಕಲಸಿದರೆ ಮೊದಲ ದಿನವೇ ಕೋರ್ಟ್ ಕಚೇರಿಯಿಂದ ಆಕ್ಷೇಪಣೆ.

ಗಡುವು ಎಂದು ಹಿಡಿಯಬಹುದಾದದ್ದು ಎರಡು ಕಡೆ ಇದೆ. ಒಂದು, ತಾನು ನಿರಾಶ್ರಿತ ಎನ್ನುವವರಿಗಾಗಿ ಕೇಂದ್ರ ಗೃಹ ಸಚಿವಾಲಯ 2011ರ ಡಿಸೆಂಬರ್ 29ರಂದು ಹೊರಡಿಸಿದ ಎಸ್‌ಒಪಿ (ಅಧಿಕಾರಿಗಳು ಅನುಸರಿಸಬೇಕಾದ ಕಾರ್ಯವಿಧಾನ). ದೀರ್ಘಾವಧಿ ವೀಸಾ ಕೊಡದಿದ್ದರೂ, ರಾಯಭಾರ ಮಟ್ಟದ ಪ್ರಯತ್ನ 6 ತಿಂಗಳಲ್ಲಿ ಫಲಿಸದಿದ್ದರೆ ಬಯೋಮೆಟ್ರಿಕ್ ತೆಗೆದುಕೊಂಡು, ಸ್ಥಳೀಯ ಜಾಮೀನು ಮತ್ತು ತಿಂಗಳಿಗೊಮ್ಮೆ ಠಾಣೆಗೆ ಹಾಜರಿ ಷರತ್ತಿನ ಮೇಲೆ ಬಿಡಬೇಕು ಎಂದು ಅದರಲ್ಲಿತ್ತು. 2019ರಲ್ಲಿ ಪರಿಷ್ಕರಣೆ ಆಗಿದೆ, ಹಳೆಯ ಪ್ರತಿಯೊಂದನ್ನೇ ಹಿಡಿದು ಹೋಗಬೇಡಿ. ಇನ್ನೊಂದು, ವಿದೇಶಿಯರೆಂದು ಘೋಷಿಸಿ ಅಸ್ಸಾಮಿನಲ್ಲಿ ಬಂಧಿಸಿಟ್ಟವರ ಪ್ರಕರಣದಲ್ಲಿ ಬಂದ ಸುಪ್ರೀಂ ಕೋರ್ಟ್ ಆದೇಶಗಳು. 2019ರ ಮೇ 10ರಂದು ಬಂಧನದಲ್ಲಿ 3 ವರ್ಷ ಮೀರಿದವರನ್ನು ತಲಾ 1 ಲಕ್ಷ ರೂಪಾಯಿಯ ಇಬ್ಬರ ಜಾಮೀನಿನ ಷರತ್ತಿನ ಮೇಲೆ ಬಿಡಲು ಹೇಳಿತು. ಕೂಲಿಯವರಿಗೆ ಲಕ್ಷದ ಜಾಮೀನು ಎಲ್ಲಿಂದ ಬರಬೇಕು! ಕೋವಿಡ್ ವೇಳೆ, 2020ರ ಏಪ್ರಿಲ್ 13ರಂದು, ಅದು 2 ವರ್ಷಕ್ಕೂ 5,000 ರೂಪಾಯಿಗೂ ಇಳಿಯಿತು. ಇದು ಅಸ್ಸಾಮಿನವರಿಗೆ ಕೊಟ್ಟದ್ದು. ಇಲ್ಲಿ ಹೋಲಿಕೆಗೆ ಬಳಸಬಹುದು, ಹಕ್ಕೆಂದು ಕೇಳಲಾಗದು.

ಉಚಿತ ವಕೀಲರು ಖಂಡಿತ ಸಿಗುತ್ತಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್‌ನಲ್ಲಿ ಪೌರತ್ವದ ಮಾತೇ ಇಲ್ಲ. ಮಹಿಳೆ, ಮಗು, ಕಸ್ಟಡಿಯಲ್ಲಿರುವವರು ಎಂದಿದೆ. ಸಹಾಯವಾಣಿ 15100. ವಕಾಲತ್ತಿಗೆ (ವಕೀಲರನ್ನು ನೇಮಿಸುವ ಪತ್ರ) ಬಂಧನ ಕೇಂದ್ರದ ಅಧಿಕಾರಿಯ ದೃಢೀಕರಣದ ಸಹಿ, ಮೊಹರು ಮರೆಯಬೇಡಿ.

ಗಡಿಕಾಗದ:
ಐದನೇ ದಿನಾಂಕದ ಬಗ್ಗೆ ಸೇರಿಸುತ್ತೇನೆ. ಪತ್ರ ಹೋದರೂ ಎಡವುವುದು ವಿಳಾಸದಲ್ಲಿ. ಬಾಂಗ್ಲಾದೇಶದವರಾದರೆ ಗ್ರಾಮ, ಅಂಚೆ, ಯೂನಿಯನ್, ಉಪಜಿಲ್ಲಾ ಅಥವಾ ಠಾಣೆ, ಜಿಲ್ಲೆ, ಇಷ್ಟೂ ಬೇಕು. ಬಂಗಾಳಿ ಬಾರದ ಪೇದೆ ಕಿವಿಗೆ ಬಿದ್ದ ಹಾಗೆ ಇಂಗ್ಲಿಷಿನಲ್ಲಿ ಬರೆದ ಊರು ಅಲ್ಲಿ ಯಾರಿಗೂ ಸಿಗುವುದಿಲ್ಲ. ಬಂಗಾಳಿ ಬಲ್ಲವರನ್ನು ಕೂರಿಸಿಕೊಂಡು, ಆ ಲಿಪಿಯಲ್ಲೇ ಊರು, ತಂದೆ ತಾಯಿ ಹೆಸರು ಬರೆಸಿ ಎಫ್‌ಆರ್‌ಆರ್‌ಒಗೆ (ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ) ಕೊಟ್ಟು ಸ್ವೀಕೃತಿ ಪಡೆಯಿರಿ.

ವಿಳಾಸ ಗೊತ್ತಿಲ್ಲ ಎಂಬ ನೆಪ ಈಗ ಸುಲಭಕ್ಕೆ ನಡೆಯದು. 2025ರ ಫೆಬ್ರುವರಿ 4ರಂದು ಅಸ್ಸಾಮಿನ ಮಟಿಯಾ ಶಿಬಿರದ 63 ಜನರ ವಿಚಾರದಲ್ಲಿ ಸುಪ್ರೀಂ ಕೋರ್ಟ್ ಮುಹೂರ್ತಕ್ಕೆ ಕಾಯುತ್ತಿದ್ದೀರಾ ಎಂದೇ ಕೇಳಿತು. ದೇಶ ಗೊತ್ತಿದ್ದರೆ ಆ ದೇಶದ ರಾಜಧಾನಿಗೆ ಕಳಿಸಿ ಎಂದಿತು. ಪೀಠದಲ್ಲಿದ್ದವರು ಹಿಂದೆ ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಅಭಯ್ ಓಕಾ.

ಒಂದು ಎಚ್ಚರ. ತನ್ನ ಸರ್ಕಾರಕ್ಕೇ ಹೆದರಿ ಬಂದವರ ವಿಷಯದಲ್ಲಿ ಇದ್ಯಾವುದನ್ನೂ ಮಾಡಬೇಡಿ. ಅವರ ಒಪ್ಪಿಗೆಯಿಲ್ಲದೆ ರಾಯಭಾರ ಕಚೇರಿಗೆ ಹೆಸರು ಹೋದರೆ ಊರಲ್ಲಿರುವ ಮನೆಯವರಿಗೆ ಅಪಾಯ. ಮೊದಲು ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯಲ್ಲಿ ನೋಂದಣಿ ಇದೆಯೇ ನೋಡಿ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಆದ್ದರಿಂದ ಅಲ್ಲಿ ಕೊಡುವ ಕಾರ್ಡ್ ಬಿಡುಗಡೆ ಚೀಟಿ ಆಗುವುದಿಲ್ಲ. ಆದರೂ ಎಸ್‌ಒಪಿ ಪ್ರಕಾರ ವಿಚಾರಣೆ ಮಾಡಿ ಎಂದು ಕೇಳಲು ಒಳ್ಳೆಯ ಆಧಾರ.

ಪ್ಯಾರಾಲೀಗಲ್_ಹೊಸಬ:
ಧನ್ಯವಾದ ಸರ್. ಬಂಧನ ಆದೇಶದ ಪ್ರತಿಯನ್ನೇ ಕೊಡದಿದ್ದರೆ? ಒಳಗಿರುವವರ ಹೆಸರಲ್ಲಿ ಆರ್‌ಟಿಐ ಹಾಕಬಹುದಾ?

ವಕಾಲತ್ತು:
ಅವರ ಹೆಸರಲ್ಲಿ ಬೇಡ. ಆರ್‌ಟಿಐ ಹಕ್ಕು ನಾಗರಿಕರಿಗೆ ಮಾತ್ರ (ಸೆಕ್ಷನ್ 3), ಅಲ್ಲೇ ತಿರಸ್ಕಾರವಾಗುತ್ತದೆ. ನಿಮ್ಮ ಹೆಸರಲ್ಲಿ ಹಾಕಿ, ಸೆಕ್ಷನ್ 7(1)ರಂತೆ ವ್ಯಕ್ತಿಯ ಸ್ವಾತಂತ್ರ್ಯದ ಪ್ರಶ್ನೆ, 48 ಗಂಟೆಯಲ್ಲಿ ಉತ್ತರಿಸಿ ಎಂದು ಮೇಲೆಯೇ ಬರೆಯಿರಿ. ಬರದಿದ್ದರೆ 226ನೇ ವಿಧಿಯಡಿ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ (ಬಂಧಿತರನ್ನು ಕೋರ್ಟಿನ ಮುಂದೆ ತಂದು ಬಂಧನಕ್ಕೆ ಕಾರಣ ಹೇಳಿ ಎಂಬ ಅರ್ಜಿ). ಆಗ ಆದೇಶ ಹಾಜರುಪಡಿಸುವುದು ಸರ್ಕಾರದ ತಲೆನೋವು.

ಒಳಗಿನಕಣ್ಣು:
ಊಟ, ಔಷಧದ ಪ್ರಶ್ನೆಗೆ. ಕೇಂದ್ರ ಸರ್ಕಾರ 2019ರಲ್ಲಿ ರಾಜ್ಯಗಳಿಗೆ ಕಳಿಸಿದ ಮಾದರಿ ಕೈಪಿಡಿ ಇದೆ. ವಿದ್ಯುತ್, ಕುಡಿಯುವ ನೀರು, ಮಂಚ, ನೀರು ಬರುವ ಶೌಚಾಲಯ, ವೈದ್ಯಕೀಯ ಸೌಲಭ್ಯ, ಅಡುಗೆಮನೆ, ಹೊರಗಿನವರೊಡನೆ ಸಂಪರ್ಕ ಇರಬೇಕು, ಒಂದೇ ಕುಟುಂಬದವರನ್ನು ಬೇರೆ ಮಾಡಬಾರದು ಎನ್ನುತ್ತದೆ. ಹತ್ತಡಿ ಗೋಡೆ, ಮುಳ್ಳುತಂತಿಯೂ ಅದರಲ್ಲೇ ಇದೆ. ಗೋಡೆ ಏಳುವುದು ತಡವಾಗುವುದಿಲ್ಲ.

ಅಸ್ಸಾಮಿನಲ್ಲಿ ವರ್ಷಗಟ್ಟಲೆ ಗೋಲ್‌ಪಾರಾ, ಕೊಕ್ರಜಾರ್, ಸಿಲ್ಚಾರ್ ಸೇರಿ ಆರು ಜೈಲುಗಳ ಒಳಗೇ ವಿದೇಶಿಯರೆಂದು ಘೋಷಿಸಿದವರನ್ನು ಇಟ್ಟಿದ್ದರು. ಕೈದಿಗೆ ಪೆರೋಲ್ ಇತ್ತು, ಇವರಿಗೆ ಅದೂ ಇರಲಿಲ್ಲ. 2020ರ ಅಕ್ಟೋಬರ್‌ನಲ್ಲಿ ಗುವಾಹಟಿ ಹೈಕೋರ್ಟ್ ಜೈಲಿನಿಂದ ಹೊರಗೆ ಜಾಗ ನೋಡಲು ಹೇಳಿತು. ಅದನ್ನು ಇಲ್ಲಿಯೂ ಉಲ್ಲೇಖಿಸಬಹುದು.

ದೂರಿನಲ್ಲಿ 'ಸೌಲಭ್ಯ ಸರಿಯಿಲ್ಲ' ಎಂದು ಬರೆದರೆ 'ಸರಿಯಿದೆ' ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಎಷ್ಟು ಜನಕ್ಕೆ ಎಷ್ಟು ಶೌಚಾಲಯ, ವೈದ್ಯರು ಕೊನೆಯ ಸಲ ಬಂದದ್ದು ಯಾವಾಗ, ಬಿಪಿ ಮಾತ್ರೆ ಎಷ್ಟು ದಿನ ತಪ್ಪಿತು, ಇದನ್ನು ಬರೆಯಿರಿ. ಮಾನವ ಹಕ್ಕುಗಳ ಆಯೋಗಕ್ಕೆ ಘಟನೆಯಾದ 1 ವರ್ಷದೊಳಗೆ ಹೋಗಬೇಕು. 1993ರ ಕಾಯ್ದೆಯಂತೆ ಬಂಧನದ ಸ್ಥಳಕ್ಕೆ ಭೇಟಿ ಕೊಡುವ ಅಧಿಕಾರ ಆಯೋಗಕ್ಕಿದೆ, ಭೇಟಿಯನ್ನೇ ಕೇಳಿ. ಹೊಡೆತದ ಗುರುತಿದ್ದರೆ ಮೊದಲು ವೈದ್ಯಕೀಯ ತಪಾಸಣೆ ಆಗಲಿ. ಒಂದು ವಾರ ಕಳೆದರೆ ಗುರುತೂ ಉಳಿಯುವುದಿಲ್ಲ.

ಗಡಿಕಾಗದ:
ಬಿಟ್ಟಿದ್ದೆ: ಬಂಗಾಳಿ ಮಾತಾಡುವವರೆಲ್ಲ ಬಾಂಗ್ಲಾದವರಲ್ಲ. ಬೇರೆ ರಾಜ್ಯದವನು ಎಂದು ಹೇಳಿಕೊಂಡರೆ ಆ ರಾಜ್ಯದಿಂದ 30 ದಿನದೊಳಗೆ ಪರಿಶೀಲನೆ ಆಗಬೇಕು ಎಂದು ಗೃಹ ಸಚಿವಾಲಯವೇ 2025ರ ಮೇನಲ್ಲಿ ಸೂಚಿಸಿದೆ. ಜೂನ್‌ನಲ್ಲಿ ದೆಹಲಿಯಲ್ಲಿ ಹಿಡಿದ ಬೀರ್‌ಭೂಮ್ ಜಿಲ್ಲೆಯ ಗರ್ಭಿಣಿಯನ್ನು ಕೆಲವೇ ದಿನಗಳಲ್ಲಿ ಗಡಿಯಾಚೆ ದೂಡಿದ್ದರು. ಸೆಪ್ಟೆಂಬರ್‌ನಲ್ಲಿ ಕಲ್ಕತ್ತಾ ಹೈಕೋರ್ಟ್ ಆ ಗಡೀಪಾರನ್ನು ರದ್ದು ಮಾಡಿ ವಾಪಸ್ ಕರೆತರಲು ಹೇಳಿತು. ಇಂಥ ಕೇಸಿನಲ್ಲಿ ಆಧಾರ್ ಒಂದೇ ಸಾಲದು, ಅದು ಪೌರತ್ವದ ದಾಖಲೆಯಲ್ಲ, ಮತ್ತು ಸಾಬೀತು ಮಾಡುವ ಹೊಣೆ ಹಿಡಿಸಿಕೊಂಡವರದೇ. ತಂದೆ ತಾಯಿಯ ಹಳೆಯ ಮತದಾರರ ಪಟ್ಟಿ, ಜಮೀನಿನ ಪತ್ರ, ಶಾಲೆಯ ದಾಖಲಾತಿ ಇವುಗಳ ಫೋಟೋ ಊರಿಂದ ಅವತ್ತೇ ವಾಟ್ಸಾಪಿನಲ್ಲಿ ತರಿಸಿ, ಠಾಣೆಯಲ್ಲಿ ಕೊಟ್ಟು ಸೀಲ್ ಹಾಕಿಸಿಕೊಳ್ಳಿ.