ಸಹಾಯ ಬೇಕು: ಹನಿಮೂನ್‌ಗೆ ಪ್ಯಾರಿಸ್, ಸ್ವಿಸ್, ಇಟಲಿ, 12 ರಾತ್ರಿ ಸಾಕಾಗುತ್ತಾ?

ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ನಮ್ಮ ಮದುವೆ. ಮೇ ಮಧ್ಯದಲ್ಲಿ ಯುರೋಪ್‌ಗೆ ಹೊರಡುವ ಆಸೆ. ಪ್ಯಾರಿಸ್ 4 ರಾತ್ರಿ, ಸ್ವಿಟ್ಜರ್ಲೆಂಡಿನ ಲೌಟರ್‌ಬ್ರುನ್ನೆನ್ 4, ವೆನಿಸ್ 2, ಫ್ಲಾರೆನ್ಸ್ 2. ಎಲ್ಲಾ ಕಡೆ ರೈಲಿನಲ್ಲೇ ಓಡಾಟ.

ಲೌಟರ್‌ಬ್ರುನ್ನೆನ್ ಮಾತ್ರ ಬಿಡೋ ಹಾಗಿಲ್ಲ. ನನ್ನ ಹುಡುಗಿ ಸಾಗರದವಳು, ಜೋಗ ನೋಡುತ್ತಾ ಬೆಳೆದವಳು. ಅಲ್ಲಿ ಊರಿನ ಪಕ್ಕದ ಬಂಡೆಯಿಂದಲೇ ಸ್ಟೌಬಾಖ್ ಜಲಪಾತ ಸುಮಾರು 300 ಮೀಟರ್ ಕೆಳಕ್ಕೆ ಬೀಳುತ್ತದೆ. ಮೇನಲ್ಲಿ ಹಿಮ ಕರಗಿ ನೀರೂ ಜಾಸ್ತಿ. ಬೆಳಿಗ್ಗೆ ಕಿಟಕಿ ತೆಗೆದ ಕೂಡಲೇ ಅವಳಿಗೆ ಅದು ಕಾಣಬೇಕು. ಅಂಥ ಕೋಣೆ ಸಿಗಲು ಯಾವ ಬೀದಿಯಲ್ಲಿ ಹುಡುಕಬೇಕು?

ಮೂರು ದೇಶದಲ್ಲೂ ಸಮ ದಿನ ಇದ್ದರೆ ಮೊದಲು ಇಳಿಯುವ ದೇಶಕ್ಕೇ ಷೆಂಗೆನ್ ವೀಸಾ (ಈ ಮೂರೂ ದೇಶಕ್ಕೆ ಸೇರಿ ಒಂದೇ ಸಾಕಾಗುವ ವೀಸಾ) ಅರ್ಜಿ ಹಾಕಬೇಕು. ಹಾಗಾಗಿ ಫ್ರಾನ್ಸ್‌ಗೇ ಹಾಕುತ್ತೇವೆ. ಮದುವೆ ಆದ ಮೇಲೆ ಅವಳ ಪಾಸ್‌ಪೋರ್ಟ್‌ನಲ್ಲಿ ಹೆಸರು ಬದಲಿಸದೆ ಹೋದವರು ಯಾರಾದರೂ ಇದ್ದೀರಾ? ಮದುವೆ ಸರ್ಟಿಫಿಕೇಟ್ ಕೇಳಿದರಾ?

ಇನ್ನು ಊಟ. ಅವಳು ಮೊಟ್ಟೆಯನ್ನೂ ತಿನ್ನುವುದಿಲ್ಲ. ಪ್ಯಾರಿಸ್‌ನ ಈರುಳ್ಳಿ ಸೂಪಿಗೂ ದನದ ಮೂಳೆಯ ಸಾರು ಹಾಕುತ್ತಾರಂತೆ, ಇಟಲಿಯ ತಾಜಾ ಪಾಸ್ತಾದಲ್ಲಿ ಮೊಟ್ಟೆ. ಅತ್ತೆ ಸಾರಿನ ಪುಡಿ ಕಟ್ಟಿಕೊಡುತ್ತಾರೆ, ಒಲೆ ಇರುವ ಮನೆ ಸಿಕ್ಕರೆ ರಾತ್ರಿ ಅನ್ನ ಸಾರು ಮಾಡಿಕೊಳ್ಳುತ್ತೇವೆ.

ವೆನಿಸ್, ಫ್ಲಾರೆನ್ಸ್ ಎರಡೂ ಬೇಕಾ, ಅಥವಾ ವೆನಿಸ್‌ನಲ್ಲೇ 4 ರಾತ್ರಿ ನಿಧಾನವಾಗಿ ಇರುವುದು ವಾಸಿನಾ? ನನಗೆ ಎರಡನೆಯದೇ ಸರಿ ಅನಿಸುತ್ತಿದೆ. ಹೋಗಿ ಬಂದವರು ದಯವಿಟ್ಟು ಹೇಳಿ.