ಸಹಾಯ ಬೇಕು: ದೋಣಿಗೆ ಜಿಪಿಎಸ್ ಇರುವ ಫಿಶ್ ಫೈಂಡರ್ ಯಾವುದು ಒಳ್ಳೆಯದು?

ಗೆಳೆಯರೇ, ನಮ್ಮ ಫೈಬರ್ ದೋಣಿಗೆ ಜಿಪಿಎಸ್ ಇರುವ ಫಿಶ್ ಫೈಂಡರ್ (ಶಬ್ದದ ಅಲೆ ಕಳಿಸಿ ನೀರಿನಡಿಯ ಮೀನು, ತಳ ತೋರಿಸುವ ಯಂತ್ರ) ಕೊಳ್ಳಬೇಕಾಗಿದೆ. ಔಟ್‌ಬೋರ್ಡ್ ಎಂಜಿನ್, 12 ವೋಲ್ಟ್ ಬ್ಯಾಟರಿ ಇದೆ. ಸಮುದ್ರದಲ್ಲಿ ಹೆಚ್ಚಾಗಿ 20ರಿಂದ 60 ಮೀಟರ್ ಆಳದಲ್ಲಿ ಬಲೆ ಬಿಡುತ್ತೇವೆ. ಅಲೆಯ ಆವರ್ತನ (ಫ್ರೀಕ್ವೆನ್ಸಿ) ನೋಡಿದರೆ, 200 ಕಿಲೋಹರ್ಟ್ಸ್‌ನಲ್ಲಿ ಚಿತ್ರ ಹೆಚ್ಚು ಸ್ಪಷ್ಟ, 50 ಕಿಲೋಹರ್ಟ್ಸ್ ಇನ್ನೂ ಆಳಕ್ಕೆ ಇಳಿದು ಅಗಲವಾಗಿ ನೋಡುತ್ತದೆ. ನಮ್ಮ ಆಳಕ್ಕೆ 200 ಒಂದೇ ಸಾಕೇ, ಎರಡೂ ಇರುವುದನ್ನೇ ತೆಗೆದುಕೊಳ್ಳಲೇ? ಟ್ರಾನ್ಸ್‌ಡ್ಯೂಸರನ್ನು (ನೀರಿನೊಳಗೆ ಅಲೆ ಕಳಿಸಿ ಪ್ರತಿಧ್ವನಿ ಹಿಡಿಯುವ ಭಾಗ) ದೋಣಿಯ ಹಿಂಬದಿಗೆ ಕೂರಿಸಿದವರು, ಪ್ರೊಪೆಲ್ಲರ್ ಎಬ್ಬಿಸುವ ಗುಳ್ಳೆಗಳಿಂದ ಚಿತ್ರ ಕೆಡದಂತೆ ಎಲ್ಲಿ ಇಟ್ಟಿದ್ದೀರಿ?

ದೊಡ್ಡ ಪರದೆ ಬೇಡ, ಸುಡುಬಿಸಿಲಿನಲ್ಲೂ ಓದಲು ಬರಬೇಕು. ಬಲೆ ಹರಿಯುವ ಬಂಡೆಗಳ ಜಾಗವನ್ನು ಗುರುತು ಹಾಕಿಡುವುದು ನನಗೆ ಮೀನು ಕಾಣುವಷ್ಟೇ ಮುಖ್ಯ. ಯಂತ್ರ ಕೆಟ್ಟರೂ ಆ ಗುರುತುಗಳು ಕಳೆಯದಂತೆ ಮೆಮೊರಿ ಕಾರ್ಡ್‌ಗೆ ನಕಲು ಮಾಡಲು ಆಗಬೇಕು. ಉಪ್ಪುನೀರಿನಲ್ಲಿ ಬಳಸಿ ನೋಡಿದವರು ದಯವಿಟ್ಟು ಮಾದರಿಯ ಹೆಸರು ತಿಳಿಸಿ.